ಎಲ್ಲರಿಗೂ ಗೊತ್ತಿದ್ದ ಬಾಟಲಿ

ಭಾನುವಾರ ಬೆಳಗ್ಗೆ ರಬ್ಬರ್ ಹಾಲು ಸೋಸುವ ಕೆಲಸ ಜ್ಯೋತ್ಸ್ನಾಳದು. ವಾರದ ಉಳಿದ ದಿನಗಳಲ್ಲಿ ಅವಳು ಮೂಡುಬಿದಿರೆಯ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದ ಕೆಲಸದಲ್ಲಿರುತ್ತಾಳೆ. ಹಾಗಾಗಿ ಆ ದಿನಗಳಲ್ಲಿ ಹಾಲು, ಆಸಿಡ್, ಶೀಟು ಎಲ್ಲವೂ ಅತ್ತೆ ರಾಜೀವಿಯವರ ಪಾಲು. ಗಂಡ ತರುಣ್ ಕತಾರಿನ ಹೋಟೆಲೊಂದರಲ್ಲಿ ಅಡುಗೆಯವನು. ವೇಣೂರಿನಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯ ಆ ಮನೆಯಲ್ಲಿ ಇರುವವರು ಮೂರೇ ಜನ: ಅತ್ತೆ, ಸೊಸೆ ಮತ್ತು ಐದನೆಯ ತರಗತಿಯ ತೃಷಾ.

ಮನೆಯ ಹಿಂದಿನ ಶೆಡ್ಡಿನಲ್ಲಿ ತೃಷಾ ಜರಡಿ ಹಿಡಿದಿದ್ದಳು. ಜ್ಯೋತ್ಸ್ನಾ ಬಕೆಟ್ಟು ಬಗ್ಗಿಸಿ ಹಾಲು ಹೊಯ್ಯುತ್ತಿದ್ದಳು. ಮರದಿಂದ ಇಳಿದ ಹಾಲಿಗೆ ನೀರು ಬೆರೆಸಿ, ಅಲ್ಯೂಮಿನಿಯಂ ತಟ್ಟೆಗಳಿಗೆ ಹೊಯ್ದು, ಅದಕ್ಕೆ ಒಂದಿಷ್ಟು ಆಸಿಡ್ ಹಾಕಿ ಕದಡಿದರೆ ಅದು ಮೊಸರಿನ ಹಾಗೆ ಗಟ್ಟಿಯಾಗುತ್ತದೆ. ಮರುದಿನ ರೋಲರಿಗೆ ಕೊಟ್ಟರೆ ಶೀಟು. ಈ ಕಡೆಯ ಮಕ್ಕಳಿಗೆ ಇದು ಹಲ್ಲುಜ್ಜುವಷ್ಟು ಸಹಜವಾದ ಕೆಲಸ.

"ಜ್ಯೋತ್ಸ್ನಾ, ಮುಂಡಪ್ಪಣ್ಣ ಬಂದಿದ್ದಾರೆ. ನೀರು ಕೊಡು" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದರು. "ನನ್ನ ದೋಸೆ ಕಾವಲಿಯಲ್ಲುಂಟು!"

ಜ್ಯೋತ್ಸ್ನಾ ಬಕೆಟ್ಟು ಇಳಿಸಿದಳು. ಮಗಳ ಕೈಯಲ್ಲಿ ಹಾಲು ತುಂಬಿದ ಒಂದು ತೆಂಗಿನ ಗೆರಟೆ ಕೊಟ್ಟು, "ಇದನ್ನು ಹಿಡ್ಕೊಂಡಿರು, ಈಗ ಬಂದೆ" ಎಂದು ಒಳಗೆ ಹೋದಳು. ಮನೆಗೆ ಯಾರೇ ಬರಲಿ, ಮೊದಲು ಬೆಲ್ಲ ಮತ್ತು ನೀರು. ಮಾತು ಆಮೇಲೆ. ಬೆಲ್ಲದ ತಟ್ಟೆ ಜಗಲಿಯಲ್ಲಿ ಯಾವಾಗಲೂ ಇರುತ್ತದೆ. ನೀರನ್ನು ಮಾತ್ರ ಆಗಲೇ ತಂದುಕೊಡಬೇಕು.

ಮುಂಡಪ್ಪ ಊರಿನ ರಬ್ಬರ್ ಸೊಸೈಟಿಯ ಅಧ್ಯಕ್ಷರು. ಮುಂದಿನ ಭಾನುವಾರದ ಮಹಾಸಭೆಗೆ ಮನೆ ಮನೆಗೂ ತಾವೇ ಹೋಗಿ ಹೇಳಿ ಬರುವ ಹಳೆಯ ಕಾಲದ ಮನುಷ್ಯ. ಬಿಳಿ ಅಂಗಿ, ಬಿಳಿ ಪಂಚೆ, ಎರಡಕ್ಕೂ ಇಸ್ತ್ರಿ. ಆ ದಿನ ಅವರಿಗೆ ಜೋರು ಶೀತ. ಬೆಲ್ಲದ ತುಂಡೊಂದನ್ನು ಬಾಯಿಗೆ ಹಾಕಿಕೊಂಡು, "ಹಾಲು ಎಷ್ಟು ಸಿಗ್ತದೆ ನೋಡುವ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾ ಅಂಗಳ ಸುತ್ತಿ ಶೆಡ್ಡಿನ ಕಡೆಗೆ ಬಂದರು.

ಶೆಡ್ಡಿನ ಮೋಟುಗೋಡೆಯ ಮೇಲೆ ಒಂದು ಲಿಂಬೆ ಸೋಡಾದ ಬಾಟಲಿ ಇತ್ತು. ಒಳಗೆ ತಿಳಿಯಾದ ನೀರಿನಂಥದ್ದು.

ಜ್ಯೋತ್ಸ್ನಾ ನೀರಿನ ಚೊಂಬು ಹಿಡಿದು ಹಿಂಬಾಗಿಲಿಗೆ ಬಂದಾಗ ಮೊದಲು ಕಂಡದ್ದು ಮಗಳ ಬಾಯಿ. ಅದು ತೆರೆದಿತ್ತು, ಅಗಲವಾಗಿ ತೆರೆದಿತ್ತು. ಕತ್ತಿನ ನರ ಉಬ್ಬಿತ್ತು. ಸ್ವರ ಮಾತ್ರ ಇರಲಿಲ್ಲ. ಯಾಕೆ ಹೀಗೆ ಎಂದು ಅವಳು ಯೋಚಿಸುವಷ್ಟರಲ್ಲಿ ಮಗಳ ಕೈಯಿಂದ ಗೆರಟೆ ಹಾರಿತು. ಮುಂಡಪ್ಪರ ಮುಂಗೈಗೆ ಬಡಿಯಿತು. ಬಾಯಿಯ ಹತ್ತಿರಕ್ಕೆ ಬಂದಿದ್ದ ಬಾಟಲಿ ನೆಲಕ್ಕೆ ಬಿದ್ದು ಗಳಗಳನೆ ಖಾಲಿಯಾಯಿತು. ಹಾಲು ಅವರ ಅಂಗಿಯ ಮೇಲೆ, ಪಂಚೆಯ ಮೇಲೆ, ಮೀಸೆಯ ಮೇಲೆ.

"ಎಂತ ಹುಡುಗಿ ಇದು! ಬುದ್ಧಿ ಉಂಟಾ ನಿನಗೆ? ದೊಡ್ಡವರ ಮೇಲೆ..." ಮುಂಡಪ್ಪ ಗದರಿದರು.

ಮಾತು ಅಲ್ಲಿಗೇ ನಿಂತಿತು. ಅವರ ಕಣ್ಣು ನೆಲದ ಮೇಲಿತ್ತು. ಚೆಲ್ಲಿದ ಹಾಲಿನ ಕಡೆಗೆ ಬಾಟಲಿಯ ನೀರು ಹರಿದು ಹೋಗುತ್ತಿತ್ತು. ಅದು ಎಲ್ಲೆಲ್ಲಿ ಮುಟ್ಟಿತೋ ಅಲ್ಲೆಲ್ಲ ಹಾಲು ಒಡೆದು, ಗಂಟು ಗಂಟಾಗಿ, ಬಿಳಿ ತೊಗಲಿನ ಹಾಗೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು.

"ಆಸಿಡ್" ಎಂದರು ಮುಂಡಪ್ಪ. ಸ್ವರ ಬಹಳ ಸಣ್ಣದಾಗಿತ್ತು.

ಜ್ಯೋತ್ಸ್ನಾ ಅವರ ಕೈ ಹಿಡಿದು ಕೂರಿಸಿದಳು. ಪಾದಕ್ಕೆ ಚೆಲ್ಲಿತ್ತು. ನಲ್ಲಿಯ ಪೈಪನ್ನೇ ಎಳೆದು ತಂದು ಪಾದದ ಮೇಲೆ ಬಿಟ್ಟಳು. "ಸಾಕು ಮಾರಾಯ್ತಿ" ಎಂದು ಅವರೆಂದರೂ ಬಿಡಲಿಲ್ಲ. "ಉರಿ ಇಲ್ಲ ಅಂತ ನಿಲ್ಲಿಸ್ಲಿಕ್ಕಿಲ್ಲ ಮಾವ, ನೀರು ಹೋಗ್ತಾ ಇರ್ಲಿ" ಎಂದಳು. ಅವರ ಪಾದದ ಮೇಲ್ಭಾಗ ಸ್ವಲ್ಪ ಕೆಂಪಗಾಗಿತ್ತು, ಅಷ್ಟೇ. ರಾಜೀವಿಯವರು ದೋಸೆ ಮಗುಚುವ ಸಟ್ಟುಗವನ್ನು ಕೈಯಲ್ಲೇ ಹಿಡಿದು ಓಡಿ ಬಂದು ಎದೆಗೆ ಕೈ ಇಟ್ಟುಕೊಂಡು ನಿಂತರು.

"ನಾನೇ ನೀರು ಬೆರೆಸಿ ತುಂಬಿಸಿ ಇಟ್ಟದ್ದು. ದಿನಾ ಅದೇ ಬಾಟ್ಲಿ. ನಮಗೆಲ್ಲ ಗೊತ್ತುಂಟಲ್ಲ ಅಂತ..."

"ಗೊತ್ತುಂಟು ರಾಜೀವಿ, ನನಗೂ ಗೊತ್ತುಂಟು" ಎಂದರು ಮುಂಡಪ್ಪ. "ನನ್ನ ಮನೆಯಲ್ಲೂ ಅಂಥದ್ದೇ ಬಾಟ್ಲಿ. ಬೆಲ್ಲ ತಿಂದೆ, ಬಾಯಾರಿತು, ಬಾಟ್ಲಿ ಕಂಡಿತು. ಶೀತದಲ್ಲಿ ಮೂಗಿಗೆ ವಾಸನೆ ಎಲ್ಲಿಯದು?" ಅವರು ತೃಷಾಳ ಕಡೆಗೆ ನೋಡಿದರು. ಅವಳು ಕಂಬಕ್ಕೆ ಅಂಟಿ ನಿಂತಿದ್ದಳು. "ಈ ಮಗು ಇಲ್ಲದಿದ್ದರೆ ನನ್ನ ಹೊಟ್ಟೆಯೂ ಹೀಗೇ ಶೀಟಾಗ್ತಿತ್ತು."

ಹೋಗುವಾಗ ಅವರು ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳಿದರು: "ಜ್ಯೋತ್ಸ್ನಾ, ಇದನ್ನು ಊರಲ್ಲಿ ಹೇಳ್ಲಿಕ್ಕೆ ಹೋಗಬೇಡ. ಸೊಸೈಟಿಯ ಅಧ್ಯಕ್ಷ ಆಸಿಡ್ ಕುಡೀಲಿಕ್ಕೆ ಹೊರಟ ಅಂತ ಆ ಶೀಟು ವ್ಯಾಪಾರಿ ಮುನವ್ವರ್ ಒಬ್ಬನಿಗೆ ಗೊತ್ತಾದರೆ ಸಾಕು, ಬಂಟ್ವಾಳದವರೆಗೆ ನಗಾಡ್ತಾರೆ."

"ಹೇಳುದಿಲ್ಲ ಮಾವ. ಆದರೆ ಸಭೆಯಲ್ಲಿ ನನಗೊಂದು ವಿಷಯ ಮಾತಾಡ್ಲಿಕ್ಕುಂಟು. ಜನ ತರುವ ಸೋಡಾ ಬಾಟ್ಲಿಗೆ ಸೊಸೈಟಿಯವರು ಆಸಿಡ್ ತುಂಬಿಸಿ ಕೊಡುದನ್ನು ನಿಲ್ಲಿಸಬೇಕು."

"ಮಾತಾಡು, ಮಾತಾಡು. ನಾನು ಇಲ್ಲವಾ?" ಎಂದು ಅವರು ಒದ್ದೆ ಚಪ್ಪಲಿಯಲ್ಲಿ ಪಚಪಚ ಎನ್ನುತ್ತಾ ಇಳಿದು ಹೋದರು.

ಅಂದು ಇಳಿಹಗಲು ಜ್ಯೋತ್ಸ್ನಾ ಮಗಳ ತಲೆ ಬಾಚುತ್ತಿದ್ದಳು. ತೃಷಾ ಮನೆಯಲ್ಲಿ ಮಾತನಾಡುತ್ತಾಳೆ, ತುಳುವಿನಲ್ಲಿ, ನಿಧಾನವಾಗಿ, ಮಾತು ತಡೆದರೆ ನಿಂತು ಮತ್ತೆ ಹೊರಟು. ಮನೆಯ ಹೊರಗೆ ಮಾತ್ರ ಅವಳ ಬಾಯಿಗೆ ಬೀಗ. ಮೂರನೆಯ ತರಗತಿಯಲ್ಲಿ ಪದ್ಯ ಓದಲು ಎದ್ದು ನಿಂತವಳಿಗೆ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿತು, ಕ್ಲಾಸು ನಕ್ಕಿತು, ಅವಳು ಕುಳಿತುಬಿಟ್ಟಳು. ಅಲ್ಲಿಂದೀಚೆಗೆ ಹಾಜರಿಗೂ ಕೈ ಎತ್ತುವುದು, ಅಂಗಡಿಯಲ್ಲಿ ಬೆರಳು ತೋರಿಸುವುದು, ಬಸ್ಸಿನಲ್ಲಿ ಅಮ್ಮನ ಕಿವಿಗೆ ಬಾಯಿ ತಾಗಿಸಿ ಪಿಸುಗುಟ್ಟುವುದು. ಜ್ಯೋತ್ಸ್ನಾ ಒತ್ತಾಯ ಮಾಡಿದವಳಲ್ಲ. ಹಾಲು ಗಟ್ಟಿಯಾಗಲು ಬಿಟ್ಟ ಮೇಲೆ ಅದನ್ನು ಮತ್ತೆ ಮತ್ತೆ ಮುಟ್ಟಿ ನೋಡಬಾರದು ಎಂದು ಅತ್ತೆ ಕಲಿಸಿದ್ದರು. ಮಗಳ ವಿಷಯದಲ್ಲಿಯೂ ಅವಳು ಅದನ್ನೇ ಪಾಲಿಸುತ್ತಾ ಬಂದಿದ್ದಳು.

ಆದರೆ ಈ ದಿನ ಅವಳು ಬಿಡಿಸಿದ ಸಿಕ್ಕನ್ನೇ ಮತ್ತೆ ಮತ್ತೆ ಬಾಚುತ್ತಿದ್ದಳು. ಮಗಳ ಕೈಯಲ್ಲಿ ಗೆರಟೆ ಇತ್ತು, ಸರಿ. ಇಲ್ಲದಿದ್ದರೆ? ಇನ್ನೊಂದು ಸಲ, ಇನ್ನೊಂದು ಮನೆಯಲ್ಲಿ, ಇನ್ನೊಬ್ಬರು ಅಂಥದೇ ಬಾಟಲಿ ಎತ್ತಿದಾಗ, ಅಥವಾ ಮಗಳ ಮೇಲೇ ಏನಾದರೂ ಬಂದಾಗ, ಕೂಗಲಾರದ ಮಗು ಏನು ಮಾಡಬೇಕು?

"ಅಮ್ಮ" ಎಂದಳು ತೃಷಾ. "ನಾನು ಕ... ಕರೆದೆ. ಸ್ವರ ಬರ್ಲಿಲ್ಲ."

"ನೋಡಿದೆ ಮಗಾ."

"ಮುಂಡಪ್ಪ ಅಜ್ಜ ನನಗೆ ಬೈದರಲ್ಲ?"

"ಹೆದರಿ ಬೈದದ್ದು ಅವರು. ಆಮೇಲೆ ಹೊಗಳಿದರಲ್ಲ."

ಜ್ಯೋತ್ಸ್ನಾ ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದಳು. ಮತ್ತೆ ಮಗಳು, "ನನಗೆ ಒಂದು ಕೇಳ್ಲಿಕ್ಕುಂಟು" ಎಂದಳು.

"ಕೇಳು."

"ನಿನ್ನತ್ರ ಅಲ್ಲ. ಮುಂಡಪ್ಪ ಅಜ್ಜನತ್ರ."

ನನಗೆ ಹೇಳು, ನಾನೇ ಕೇಳಿ ತಿಳಿಸುತ್ತೇನೆ ಎಂಬ ಮಾತು ಜ್ಯೋತ್ಸ್ನಾಳ ನಾಲಿಗೆಯ ತುದಿಗೆ ಬಂದಿತ್ತು. ಈ ಎರಡು ವರ್ಷ ಅವಳು ಮಾಡಿದ್ದೂ ಅದನ್ನೇ. ಈ ಸಲ ಅದನ್ನು ನುಂಗಿಕೊಂಡಳು. "ಆಯ್ತು. ನಿನಗೆ ಆಗುವಾಗ ಕೇಳು" ಎಂದು ಜಡೆಯ ತುದಿಗೆ ರಿಬ್ಬನ್ ಕಟ್ಟಿದಳು.

ಶನಿವಾರ ಮಗಳಿಗೆ ಅರ್ಧ ದಿನ ಶಾಲೆ. ಮಧ್ಯಾಹ್ನದ ಬಸ್ಸಿಗೆ ಹತ್ತಿಸಿಕೊಂಡು ಜ್ಯೋತ್ಸ್ನಾ ಅವಳನ್ನು ಕಾಲೇಜಿಗೆ ಕರೆತಂದಳು. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿರಲಿಲ್ಲ. ರಸಾಯನಶಾಸ್ತ್ರದ ಲೆಕ್ಚರರ್ ಶಾಹಿದಾ ಮೇಡಮ್ ಸೋಮವಾರದ ಪ್ರಯೋಗಗಳಿಗೆ ದ್ರಾವಣ ಸಿದ್ಧಪಡಿಸುತ್ತಿದ್ದರು.

"ಓ, ಗೆರಟೆ ಎಸೆದ ವೀರೆಯಾ ಇವಳು?" ಎಂದು ಅವರು ನಕ್ಕರು. ಯಾರ ಮೇಲೆ ಎಸೆದದ್ದು ಎಂದು ಜ್ಯೋತ್ಸ್ನಾ ಅವರಿಗೂ ಹೇಳಿರಲಿಲ್ಲ. "ಬಾ, ಮೊದಲು ಕನ್ನಡಕ ಹಾಕು. ಇಲ್ಲಿ ನಾನಾದರೂ ಸರಿ, ಪ್ರಿನ್ಸಿಪಾಲರಾದರೂ ಸರಿ, ಕನ್ನಡಕ ಇಲ್ಲದೆ ಮೇಜಿನ ಹತ್ತಿರ ಬರ್ಲಿಕ್ಕಿಲ್ಲ."

ತೃಷಾಳ ಮುಖದ ಅರ್ಧ ಭಾಗವನ್ನು ಆ ಕನ್ನಡಕ ನುಂಗಿತು. ಅವಳು ಕಪಾಟುಗಳ ಮುಂದೆ ನಿಧಾನವಾಗಿ ನಡೆದಳು. ಒಂದೊಂದು ಬಾಟಲಿಯ ಹೊಟ್ಟೆಯ ಮೇಲೂ ಚೀಟಿ. ಹೆಸರು, ಎಷ್ಟು ತೀಕ್ಷ್ಣ, ಯಾವಾಗ ತೆರೆದದ್ದು, ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಚಿತ್ರ: ಕೈಯ ಮೇಲೆ ಹನಿ ಬಿದ್ದು ಚರ್ಮ ತಿನ್ನುತ್ತಿರುವಂತೆ. ಬರಿಯ ನೀರಿನ ಡಬ್ಬಕ್ಕೂ ಚೀಟಿ ಇತ್ತು. ಅದನ್ನು ನೋಡಿ ಅವಳು ಅಮ್ಮನ ಕಡೆಗೆ ತಿರುಗಿದಳು.

"ಹೌದು, ನೀರಿಗೂ" ಎಂದಳು ಜ್ಯೋತ್ಸ್ನಾ. "ಚೀಟಿ ಹಚ್ಚಿದ್ದು ನಾನೇ." ಹೇಳುವಾಗ ಅವಳ ಮುಖ ಬಿಸಿಯಾಯಿತು. ಇಲ್ಲಿ ನೀರನ್ನೂ ನಂಬದ ಅವಳು ಮನೆಯ ಮೋಟುಗೋಡೆಯ ಬಾಟಲಿಯನ್ನು ದಿನಾ ದಾಟಿ ಹೋಗುತ್ತಿದ್ದಳು. ಇಲ್ಲಿಗೆ ಹೊಸಬರು ಬರುತ್ತಾರೆ, ಅದಕ್ಕೆ ಚೀಟಿ. ಮನೆಗೆ ಬರುವವರೂ ಹೊಸಬರೇ ಎಂದು ಯಾಕೋ ಹೊಳೆದಿರಲಿಲ್ಲ.

ಶಾಹಿದಾ ಮೇಡಮ್ ಕೈಗವಸು ಹಾಕಿ ಕಂದು ಬಣ್ಣದ ಒಂದು ಬಾಟಲಿಯನ್ನು ಹೊಗೆ ಎಳೆಯುವ ಗಾಜಿನ ಗೂಡಿನೊಳಗೆ ಇಟ್ಟರು. "ಇದು ನಿಮ್ಮ ಶೆಡ್ಡಿನ ಆಸಿಡ್ಡೇ. ಫಾರ್ಮಿಕ್ ಆಮ್ಲ. ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ ಕಚ್ಚಿದರೆ ಉರಿಯುವುದು ಇದರದ್ದೇ ಉಪದ್ರ. ನಿನಗೆ ಕಚ್ಚಿದ್ದುಂಟಾ?"

ತೃಷಾ ಜೋರಾಗಿ ತಲೆಯಾಡಿಸಿದಳು.

"ಈಗ ನೋಡು. ಮೊದಲು ನೀರು, ಆಮೇಲೆ ಆಸಿಡ್. ನೀರಿಗೆ ಆಸಿಡ್ ಸ್ವಲ್ಪ ಸ್ವಲ್ಪವಾಗಿ. ತಿರುಗಿಸಿ ಮಾಡಿದರೆ ಬಿಸಿಯಾಗಿ ಮುಖಕ್ಕೆ ಹಾರ್ತದೆ. ನಿನ್ನ ಅಜ್ಜಿ ಹೇಗೆ ಮಾಡ್ತಾರೆ?"

ತೃಷಾ ಎರಡು ಕೈಗಳಲ್ಲಿ ತೋರಿಸಿದಳು: ಮೊದಲು ದೊಡ್ಡ ಪಾತ್ರೆ, ಆಮೇಲೆ ಮೇಲಿಂದ ಸಣ್ಣ ಧಾರೆ.

"ಹಾಗಾದರೆ ಅಜ್ಜಿ ಪಾಸು!"

ಆಮೇಲೆ ಮೇಡಮ್ ಬೆಳ್ಳಿಯ ದ್ರಾವಣ ಹಾಕಿದ್ದ ಒಂದು ಪ್ರನಾಳಕ್ಕೆ ಆ ತಿಳಿ ಆಮ್ಲದ ಕೆಲವು ಹನಿ ಬಿಟ್ಟು ಬಿಸಿನೀರಿನಲ್ಲಿ ನಿಲ್ಲಿಸಿದರು. "ಇವನು ಈಗ ಮಾಡುವ ಕೆಲಸ ವಿನೆಗರಿನಲ್ಲಿರುವ ಆಮ್ಲಕ್ಕೆ ಸಾಧ್ಯ ಇಲ್ಲ. ಇವನಿಗೆ ಸಾಧ್ಯ. ಇವನು ಯಾರು ಅಂತ ಕಂಡುಹಿಡಿಯುವುದೇ ಹೀಗೆ. ಕಾದು ನೋಡು."

ಕಾಯುವುದು ತೃಷಾಳಿಗೆ ಹೊಸತಲ್ಲ. ಮೊದಲು ದ್ರಾವಣ ಮಸುಕಾಯಿತು. ಮತ್ತೆ ಕಪ್ಪಗಾಯಿತು, ಕೆಟ್ಟಿತು ಎಂಬ ಹಾಗೆ. ಆಮೇಲೆ ತಳದಿಂದ ಒಂದು ಹೊಳಪು ಮೇಲೆ ಹತ್ತಿ ಬಂತು. ನೋಡುತ್ತಿದ್ದ ಹಾಗೆಯೇ ಗಾಜಿನ ಒಳಮೈಯೆಲ್ಲ ಬೆಳ್ಳಿಯಾಗಿ, ಪ್ರನಾಳವೇ ಒಂದು ಕನ್ನಡಿಯಾಗಿ ನಿಂತಿತು. ಅದರಲ್ಲಿ ದೊಡ್ಡ ಕನ್ನಡಕದ ಒಬ್ಬಳು ಹುಡುಗಿ ಇದ್ದಳು. ಗಾಜಿನ ಡೊಂಕಿಗೆ ಅವಳ ಬಾಯಿ ಅಗಲವಾಗಿ ಕಾಣುತ್ತಿತ್ತು, ಕೂಗಲು ತೆರೆದ ಹಾಗೆ.

ತೃಷಾ ನಕ್ಕಳು. ಪ್ರಯೋಗಾಲಯದ ಆ ಮೂಲೆಯಿಂದ ಈ ಮೂಲೆಗೆ ಕೇಳುವ ಹಾಗೆ ನಕ್ಕಳು. ಮನೆಯ ಹೊರಗೆ ಮಗಳ ಸ್ವರವನ್ನು ಜ್ಯೋತ್ಸ್ನಾ ಅಷ್ಟು ದೊಡ್ಡದಾಗಿ ಕೇಳಿ ಎರಡು ವರ್ಷವಾಗಿತ್ತು. ಅವಳು ಸಿಂಕಿನ ಕಡೆಗೆ ತಿರುಗಿ, ತೊಳೆದಿದ್ದ ಬೀಕರನ್ನೇ ಮತ್ತೊಮ್ಮೆ ತೊಳೆದಳು.

ಬಸ್ಸಿನಲ್ಲಿ ಮಗಳು ಕಿವಿಗೆ ಬಾಯಿ ತಾಗಿಸಿದಳು. "ನಾಳೆ ಮೀಟಿಂಗಿಗೆ ನಾನೂ ಬರ್ತೇನೆ."

"ಅಲ್ಲಿ ಕೊಡುವ ಬಿಸಿ ಗೋಳಿಬಜೆ ತಿನ್ಲಿಕ್ಕಾ?"

ಮಗಳು ಅಲ್ಲ ಎಂದು ತಲೆಯಾಡಿಸಿದಳು. ಸ್ವಲ್ಪ ದೂರ ಹೋದ ಮೇಲೆ, ಗೋಳಿಬಜೆಗೂ ಹೌದು ಎಂದು ತಲೆಯಾಡಿಸಿದಳು.

ಈಗ ಆ ಸೊಸೈಟಿಗೆ ಹೋದವರು ನೋಡಬಹುದು. ಆಸಿಡಿನ ಕೋಣೆಯ ಬಾಗಿಲಿಗೆ ಹೊಸ ಹಲಗೆ ಉಂಟು. ಹಳದಿ ಕ್ಯಾನು ಇಲ್ಲದೆ ಬಂದವರಿಗೆ ಒಂದು ಹನಿಯೂ ಸಿಗುವುದಿಲ್ಲ, ಡೈರೆಕ್ಟರರ ಭಾವನಾದರೂ ಸರಿ. ಕ್ಯಾನಿನ ಮೇಲೆ ಚರ್ಮ ತಿನ್ನುವ ಹನಿಯ ಚಿತ್ರ, ಓದು ಬಾರದವರಿಗೂ ತಿಳಿಯುವ ಹಾಗೆ. ಮೊದಲ ಸಲ ಬಂದವರಿಗೆ ಕೈಗವಸೂ ಕನ್ನಡಕವೂ ಸಿಗುತ್ತದೆ. ಕ್ಯಾನುಗಳನ್ನು ಪಾಣೆಮಂಗಳೂರಿನಿಂದ ತನ್ನದೇ ಪಿಕಪ್ಪಿನಲ್ಲಿ ಹಾಕಿ ತಂದವನು ಮುನವ್ವರ್. ಸೋಡಾ ಬಾಟಲಿ ಹಿಡಿದು ಬಂದವರನ್ನು "ಜ್ಯೂಸ್ ಅಂಗಡಿ ಪೇಟೆಯಲ್ಲುಂಟು ಮಾರಾಯ್ರೆ" ಎಂದು ವಾಪಸು ಕಳಿಸುವವನೂ ಅವನೇ. ಪುಂಜಾಲಕಟ್ಟೆ ಕಡೆಯವರು ಬಂದು ನೋಡಿಕೊಂಡು ಹೋಗಿ ತಮ್ಮಲ್ಲೂ ಹಾಗೆಯೇ ಮಾಡಿದ್ದಾರೆ. ಮುಂಡಪ್ಪರಂತೂ ರಬ್ಬರ್ ಹಾಲಿನ ಕಲೆ ಬಿಡದ ಆ ಅಂಗಿಯನ್ನು ಎಸೆಯದೆ ಇಟ್ಟುಕೊಂಡಿದ್ದಾರೆ. ಹೊಸ ಸದಸ್ಯರಿಗೆ ಬುದ್ಧಿ ಹೇಳುವ ದಿನ ಅದನ್ನೇ ಹಾಕಿ ಬರುತ್ತಾರೆ, ಕತೆಯನ್ನು ತಾವೇ ಹೇಳುತ್ತಾರೆ, ಎಲ್ಲರಿಗಿಂತ ಮೊದಲು ತಾವೇ ನಗುತ್ತಾರೆ.

ಇದೆಲ್ಲ ಆದದ್ದು ಆ ಭಾನುವಾರದ ಸಭೆಯಿಂದ. ಆದರೆ ಸಭೆಯಲ್ಲಿ ಜ್ಯೋತ್ಸ್ನಾ ಬಹುತೇಕ ಸೋತೇ ಹೋಗಿದ್ದಳು.

ಸೊಸೈಟಿಯ ಸಭಾಂಗಣ ತುಂಬಿತ್ತು. ಬೆಳ್ತಂಗಡಿ ಕಡೆಯವರು, ಬಂಟ್ವಾಳ ಕಡೆಯವರು, ಮೂಡುಬಿದಿರೆ ಕಡೆಯವರು, ಸೊಂಟ ನೋವಿನ ಹಿರಿಯರು, ಮಗು ಎತ್ತಿಕೊಂಡ ಹೆಂಗಸರು. ಪ್ರತಿ ಕುರ್ಚಿಯ ಹತ್ತಿರ ಒಂದೊಂದು ಸಣ್ಣ ನೀರಿನ ಬಾಟಲಿ. ಹಿಂದಿನ ಚಪ್ಪರದಲ್ಲಿ ಗೋಳಿಬಜೆ ಎಣ್ಣೆಗೆ ಬೀಳುವ ಸದ್ದು ಆಗಲೇ ಶುರುವಾಗಿತ್ತು, ಆದ್ದರಿಂದ ಯಾರಿಗೂ ಉದ್ದ ಭಾಷಣ ಬೇಕಿರಲಿಲ್ಲ. ವರದಿ ಓದಿ ಮುಗಿದ ಮೇಲೆ ಜ್ಯೋತ್ಸ್ನಾ ಎದ್ದಳು. ತನ್ನ ಚೀಲದಿಂದ ಒಂದೇ ತರಹದ ಎರಡು ಸೋಡಾ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಇದರಲ್ಲಿ ಆಸಿಡ್ ಯಾವುದು, ನೀರು ಯಾವುದು ಅಂತ ದೂರದಿಂದ ಯಾರಾದರೂ ಹೇಳ್ತೀರಾ?"

"ಎರಡೂ ನೀರು ಅಕ್ಕ" ಎಂದ ಮುನವ್ವರ್ ಕುಳಿತಲ್ಲಿಂದಲೇ. ರಬ್ಬರ್ ಶೀಟಿನ ವ್ಯಾಪಾರಿ, ಒಳ್ಳೆಯವನು, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. "ನೀವು ಪಾಪದವರು. ಇಷ್ಟು ಜನ ಇರುವಲ್ಲಿಗೆ ಆಸಿಡ್ ತರುವವರಲ್ಲ."

ಸಭೆ ನಕ್ಕಿತು. ಜ್ಯೋತ್ಸ್ನಾಳೂ ನಕ್ಕಳು. "ಹೌದು, ಎರಡೂ ನೀರೇ. ಮಕ್ಕಳಿರುವ ಜಾಗಕ್ಕೆ ಸೋಡಾ ಬಾಟ್ಲಿಯಲ್ಲಿ ಆಸಿಡ್ ತರುವ ಧೈರ್ಯ ನನಗಿಲ್ಲ. ನಮ್ಮ ಮನೆಯಲ್ಲೇ ಮಕ್ಕಳಿದ್ದಾರಲ್ಲ, ಅಲ್ಲಿ ಮಾತ್ರ ನಮಗೆಲ್ಲ ಧೈರ್ಯ ಎಲ್ಲಿಂದ ಬರ್ತದೆ ಅಂತ ಕೇಳ್ತಾ ಇದ್ದೇನೆ." ಅವಳು ಬಿಡಿಸಿ ಹೇಳಿದಳು: ಗಟ್ಟಿ ಆಸಿಡ್ ಮೂಗಿಗೆ ಚುಚ್ಚಿ ಎಚ್ಚರಿಸುತ್ತದೆ, ನೀರು ಬೆರೆಸಿಟ್ಟದ್ದರ ವಾಸನೆ ಕಡಿಮೆ, ಆದರೆ ಗಂಟಲಿಗೂ ಹೊಟ್ಟೆಗೂ ಕಣ್ಣಿಗೂ ಅದು ಬೆಂಕಿಯೇ. ಚರ್ಮಕ್ಕೆ ಬಿದ್ದರೆ ಹರಿಯುವ ನೀರಿನಡಿ ಬಹಳ ಹೊತ್ತು ಹಿಡಿಯಬೇಕು, ಎಣ್ಣೆ ಹಚ್ಚುವುದಲ್ಲ. ಕುಡಿದವರನ್ನು ವಾಂತಿ ಮಾಡಿಸಬಾರದು, ಇಳಿಯುವಾಗ ಸುಟ್ಟದ್ದು ಹತ್ತುವಾಗಲೂ ಸುಡುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಲ್ಲಕ್ಕಿಂತ ಮೊದಲು, ಕುಡಿಯುವ ಬಾಟಲಿಗೆ ಅದನ್ನು ತುಂಬಿಸಲೇಬಾರದು. ಸೊಸೈಟಿಯೇ ಬೇರೆ ಬಣ್ಣದ ಕ್ಯಾನು ಮಾಡಲಿ.

"ಅಲ್ಲ ಜ್ಯೋತ್ಸ್ನಾ" ಎಂದರು ಮುಂದಿನ ಸಾಲಿನ ಒಬ್ಬ ಹಿರಿಯರು, "ನಾವು ರಬ್ಬರ್ ಹಾಕಿದಂದಿನಿಂದ ಹೀಗೇ ಅಲ್ಲವಾ? ಯಾರು ಕುಡಿದು ಸತ್ತರು ಇಲ್ಲಿ?"

"ಅದು ಆಸಿಡ್ ಬಾಟ್ಲಿ ಅಂತ ಮನೆಯ ಬೆಕ್ಕಿಗೂ ಗೊತ್ತುಂಟು" ಎಂದರು ಅವರ ಪಕ್ಕದವರು.

"ಎಲ್ಲರಿಗೂ ಗೊತ್ತುಂಟು ಮಾರಾಯ್ತಿ. ಇನ್ನು ಕ್ಯಾನು ಹೊತ್ಕೊಂಡು ಬರುವ ಒಂದು ಉಪದ್ರ ಬೇರೆ" ಎಂದು ಹಿಂದಿನಿಂದ ಇನ್ನೊಬ್ಬರು ಸೇರಿಸಿದರು.

"ಕಾಲೇಜಿನ ಲ್ಯಾಬಿಗೆ ಅದೆಲ್ಲ ಸರಿ" ಎಂದ ಮುನವ್ವರ್. "ನಮ್ಮ ಶೆಡ್ಡಿಗೆ ಬಿಳಿ ಕೋಟೂ ಬೇಕು ಅಂತ ಹೇಳುದಿಲ್ಲವಲ್ಲ ನೀವು?"

ಮತ್ತೆ ನಗು. ಎಲ್ಲರಿಗೂ ಗೊತ್ತುಂಟು, ಎಲ್ಲರಿಗೂ ಗೊತ್ತುಂಟು ಎಂಬ ಮಾತು ಸಾಲಿನಿಂದ ಸಾಲಿಗೆ ದಾಟಿತು. ಜ್ಯೋತ್ಸ್ನಾ ವೇದಿಕೆಯ ಕಡೆಗೆ ನೋಡಿದಳು. ಮುಂಡಪ್ಪರು ತಮ್ಮ ಮುಂದಿದ್ದ ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿದ್ದರು, ಬಿಗಿ ಮಾಡುತ್ತಿದ್ದರು, ಮತ್ತೆ ತಿರುಗಿಸುತ್ತಿದ್ದರು. ಕೆಂಪಗಾಗಿದ್ದ ಪಾದವನ್ನು ಇನ್ನೊಂದು ಪಾದದ ಹಿಂದೆ ಅಡಗಿಸಿಟ್ಟಿದ್ದರು. ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಬೇಕೆಂದೇ ಬಂದಿದ್ದರು ಎಂದೂ ಅವರ ಮುಖದಲ್ಲಿ ಕಾಣುತ್ತಿತ್ತು. ಆದರೆ ಮುನವ್ವರನ ನಗು ಅವರ ಎದುರಿಗೇ ಇತ್ತು. ಜ್ಯೋತ್ಸ್ನಾಳೂ ಬಾಯಿ ಬಿಡುವ ಹಾಗಿರಲಿಲ್ಲ; ಮಾತು ಕೊಟ್ಟಿದ್ದಳು.

"ಹಾಗಾದರೆ" ಎಂದು ಮುಂಡಪ್ಪ ಕೆಮ್ಮಿದರು, "ಈ ವಿಷಯವನ್ನು... ಮುಂದೆ ನೋಡುವ ಅಂತ..."

ಆಗ ಜ್ಯೋತ್ಸ್ನಾಳ ಪಕ್ಕದ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

ತೃಷಾ ಎದ್ದು ನಿಂತಿದ್ದಳು.

ಮೊದಲು ಯಾರೂ ಗಮನಿಸಲಿಲ್ಲ. ಆಮೇಲೆ ಒಬ್ಬರು ತಿರುಗಿದರು, ಅವರನ್ನು ನೋಡಿ ಇನ್ನೊಬ್ಬರು. ಆ ಹುಡುಗಿ ಮಾತನಾಡುವುದಿಲ್ಲ ಎಂದು ಊರಿಗೆ ಗೊತ್ತಿದ್ದ ಸಂಗತಿ. ಸಭೆಯಲ್ಲಿ ಮಾತು ತಗ್ಗಿತು. ಹಿಂದಿನ ಚಪ್ಪರದಲ್ಲಿ ಎಣ್ಣೆ ಮಾತ್ರ ಚಟಪಟ ಎನ್ನುತ್ತಿತ್ತು.

ತೃಷಾಳ ಬಾಯಿ ತೆರೆಯಿತು. ಕತ್ತಿನ ನರ ಉಬ್ಬಿತು. ಶೆಡ್ಡಿನಲ್ಲಿ ಕಂಡದ್ದು ಇದೇ ಮುಖ, ಇದೇ ಸ್ವರವಿಲ್ಲದ ಬಾಯಿ. ಜ್ಯೋತ್ಸ್ನಾಳ ಕೈ ತಾನಾಗಿ ಮಗಳ ಕೈಯ ಕಡೆಗೆ ಹೋಯಿತು. ಕೂರಿಸಿಬಿಡಲೇ? ಏನೆಂದು ನನ್ನ ಕಿವಿಗೆ ಹೇಳು ಎನ್ನಲೇ? ಮೂಲೆಯಲ್ಲಿ ಯಾರೋ ಸಣ್ಣಗೆ ನಕ್ಕರು. ಮೂರನೆಯ ತರಗತಿಯ ನಗುವೂ ಹೀಗೇ ಶುರುವಾಗಿತ್ತು.

ಅವಳು ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಪ್ರನಾಳದ ದ್ರಾವಣ ಮೊದಲು ಮಸುಕಾಗಿತ್ತು, ಕಪ್ಪಾಗಿತ್ತು, ಕೆಟ್ಟೇ ಹೋಯಿತು ಎಂಬ ಹಾಗೆ ಕಂಡಿತ್ತು. ಆಗ ಕೈ ಹಾಕಿ ಅಲುಗಿಸಿದ್ದರೆ ಕನ್ನಡಿ ಹುಟ್ಟುತ್ತಿರಲಿಲ್ಲ.

"ಅ..." ಎಂದಳು ತೃಷಾ.

ನಕ್ಕವರ ಕಡೆಗೆ ಮುನವ್ವರ್ ತಿರುಗಿ, "ಸುಮ್ಮನಿರಿ ಮಾರಾಯ್ರೆ, ಮಗು ಮಾತಾಡ್ತಾ ಉಂಟು" ಎಂದ. ಆಮೇಲೆ ತಾನೂ ಕುರ್ಚಿಯಲ್ಲಿ ನೆಟ್ಟಗೆ ಕೂತ.

"ಅ... ಅ..." ತೃಷಾ ನಿಂತಳು. ಉಸಿರು ಎಳೆದುಕೊಂಡಳು. ಮನೆಯಲ್ಲಿ ಮಾಡುವ ಹಾಗೆಯೇ ಮಾತನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡಳು. ಅವಳು ಸಭೆಯನ್ನು ನೋಡುತ್ತಿರಲಿಲ್ಲ. ವೇದಿಕೆಯ ಮೇಲೆ ಬಾಟಲಿ ಹಿಡಿದು ಕುಳಿತವರನ್ನು ಮಾತ್ರ ನೋಡುತ್ತಿದ್ದಳು. ಮುಂಡಪ್ಪರು ಅವಳ ಮುಖ ಕಂಡದ್ದೇ, ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು. ಅವಳು ಕೇಳಲು ಬಂದದ್ದು ಏನೆಂದು ಅವರಿಗೆ ಆಗಲೇ ತಿಳಿದಿರಬೇಕು. ಅವರು ಬೇಡ ಎಂದು ಕೈ ಎತ್ತಲಿಲ್ಲ. ನಿಧಾನವಾಗಿ ತಮ್ಮ ಜಾಗದಲ್ಲಿ ಎದ್ದು ನಿಂತರು, ಹಿರಿಯರೊಬ್ಬರು ಮಾತನಾಡುವಾಗ ನಿಲ್ಲುವ ಹಾಗೆ. ಕೇಳು ಮಗಾ ಎಂಬಂತೆ ತಲೆಯಾಡಿಸಿದರು.

ಸ್ವರ ಬಂತು. ಸ್ವಲ್ಪ ಒಡೆದಿತ್ತು, ನಡುವೆ ಎರಡು ಕಡೆ ತಡೆಯಿತು, ಆದರೆ ಚಪ್ಪರದಲ್ಲಿ ಗೋಳಿಬಜೆ ಬಿಡುತ್ತಿದ್ದವರೂ ಜಾಲರಿ ಹಿಡಿದು ನಿಂತು ಕೇಳುವಷ್ಟು ದೊಡ್ಡದಾಗಿತ್ತು.

"ಅಜ್ಜ, ಅದು ಆಸಿಡ್ ಬಾಟ್ಲಿ ಅಂತ ಎಲ್ಲರಿಗೂ ಗೊ... ಗೊತ್ತಿದ್ದರೆ, ಅವತ್ತು ನಮ್ಮ ಮನೆಯಲ್ಲಿ ನಿ... ನಿಮಗೆ ಯಾಕೆ ಗೊತ್ತಾಗ್ಲಿಲ್ಲ?"